ಉಪನ್ಯಾಸಕರ ಬೋಧನಾಶಿಕ್ಷಣವೂ ಕಂಸಾಳೆಯ ಗುರುಕ್ರಮವೂ

ವಿದ್ಯಾವಂತನಾದವನು ಬೋಧಕನೂ ಆಗಿಯೇ ಇರುವನೆಂಬ ನಂಬಿಕೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಮೊದಲಿನಿಂದಲೂ ಬೇರೂರಿರುವುದು. ಪ್ರಾಚೀನರಿಗೆ ಈ ಭ್ರಮೆ ಇರಲಿಲ್ಲ. ಮಾಲವಿಕಾಗ್ನಿಮಿತ್ರದ ಪ್ರಥಮಾಂಕದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರು ವಿವಾದಕ್ಕೆ ನಿಂತಾಗ, ವಿದ್ವತ್ತನ್ನೂ ವಿದ್ಯೆಯನ್ನು ದಾಟಿಸುವ ಶಕ್ತಿಯನ್ನೂ ಪರಿವ್ರಾಜಿಕೆಯು ಬೇರೆಬೇರೆಯಾಗಿ ತೂಗುವಳು. ಅಲ್ಲಿ ಆಚಾರ್ಯನ ಯೋಗ್ಯತೆಗೆ ಶಿಷ್ಯೆಯ ನಾಟ್ಯವೇ ಪ್ರಮಾಣ.

ಈ ವಿವೇಕವನ್ನು ಆಚರಣೆಯಲ್ಲಿ ಕಾಣಬೇಕಾದರೆ ಕೊಳ್ಳೇಗಾಲ ಹನೂರುಗಳನ್ನು ದಾಟಿ ಮಲೆಯ ಮಹದೇಶ್ವರನ ಬೆಟ್ಟದ ಕಡೆಗೆ ಹೋಗಬೇಕು. ಅಲ್ಲಿಯ ದೇವರಗುಡ್ಡರಲ್ಲಿ ದೀಕ್ಷೆ ಪಡೆದವನು ಒಡನೆಯೇ ಕಥೆ ಹೇಳಲು ತೊಡಗುವುದಿಲ್ಲ. ಗುರುವಿನ ಹಿಂದೆ ನಿಂತು ಸೊಲ್ಲು ಹಿಡಿಯುತ್ತಾನೆ. ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ತಾಗಿಸುವ ಲಯ ಕೈಗೆ ಹತ್ತಬೇಕು. ಸಂಕಮ್ಮನ ಸಾಲು, ಸರಗೂರಯ್ಯನ ಸಾಲು ಎಂದು ಹಲವು ರಾತ್ರಿಗಳಿಗೆ ಹಬ್ಬುವ ಆ ಕಾವ್ಯದೊಡನೆ, ಕೇಳುವವರು ತೂಕಡಿಸಿದಾಗ ಗುರುವು ಕಥೆಯನ್ನು ಹೇಗೆ ತಿರುಗಿಸುವನೆಂಬುದನ್ನೂ ಅವನು ಕಲಿಯುತ್ತಾನೆ. ನಮ್ಮ ವಿದ್ವಾಂಸರು ಈ ಕಾವ್ಯವನ್ನು ಸಂಗ್ರಹಿಸಿದರು, ಪಿ. ಕೆ. ರಾಜಶೇಖರರ ಸಂಪಾದನೆ 1973ರಲ್ಲಿ ಹೊರಬಂದಿತು. ಕಾವ್ಯವು ವಿಶ್ವವಿದ್ಯಾನಿಲಯಕ್ಕೆ ಬಂದಿತು, ಕಲಿಸುವ ಕ್ರಮ ಬೆಟ್ಟದಲ್ಲಿಯೇ ಉಳಿಯಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಕಾಲಕ್ಕೆ ಶಾಲೆಯ ಉಪಾಧ್ಯಾಯರಿಗೆ ನಾರ್ಮಲ್ ಸ್ಕೂಲುಗಳಿದ್ದವು. ಕಾಲೇಜಿನ ಉಪನ್ಯಾಸಕನಿಗೆ ಪದವಿಯೊಂದೇ ಸಾಕಾಗಿದ್ದಿತು. ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಉಪನ್ಯಾಸಕರಾದರು. ಆದರೆ ಅವರು ಟಿ. ಎಸ್. ವೆಂಕಣ್ಣಯ್ಯನವರ ಪಾಠ ಕೇಳಿದವರು, ಬಳಿಕ ಅವರೊಡನೆಯೇ ಪಾಠ ಹೇಳಿದವರು. ಗುರುಸನ್ನಿಧಿ ತಾನಾಗಿ ಒದಗಿದ್ದಿತು. ಕಾಲೇಜುಗಳು ಊರೂರಿಗೆ ಹಬ್ಬಿದ ಮೇಲೆ ಆ ಭಾಗ್ಯ ಎಲ್ಲರಿಗೂ ಎಲ್ಲಿಯದು?

ಈ ಕೊರತೆಯನ್ನು ನನ್ನ ಅನುಭವದಿಂದಲೇ ಬಲ್ಲೆನು. ಪಾಠಶಾಲೆಯಲ್ಲಿ ನನ್ನಿಂದ ಕಿರಿಯರಿಗೆ ಅಮರಕೋಶವನ್ನು ಹೇಳಿಸಿ ಗುರುಗಳು ಮರೆಯಲ್ಲಿ ಕುಳಿತು ಕೇಳುತ್ತಿದ್ದರು. ತಪ್ಪನ್ನು ಹುಡುಗರೆದುರು ಎತ್ತದೆ ಸಂಜೆ ತಿಳಿಸುತ್ತಿದ್ದರು. ಮುಂದೆ ಕಾಲೇಜೊಂದರಲ್ಲಿ ಎಂಬತ್ತು ಮಂದಿಯ ಮುಂದೆ ನಿಂತಾಗ ನನ್ನ ಪಾಠವನ್ನು ಕೇಳಿ ತಿದ್ದುವ ಹಿರಿಯರು ಒಬ್ಬರೂ ಇರಲಿಲ್ಲ. ಮೊದಲ ವರ್ಷ ನಾನು ಹೇಳಿದುದೆಲ್ಲ ಬಹುಶಃ ಗೋಡೆಗೇ ಸಂದಿತು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಏರ್ಪಡಿಸಿತು; ಮೈಸೂರಿನಲ್ಲಿಯೂ ಒಂದು ಸ್ಥಾಪಿತವಾಯಿತು. ಹೊಸ ಉಪನ್ಯಾಸಕರಿಗೆ ನಾಲ್ಕು ವಾರಗಳ ಪ್ರವೇಶಶಿಕ್ಷಣ ದೊರೆಯಿತು. 2023ರಿಂದ ಈ ಕೇಂದ್ರಗಳಿಗೆ ಮದನಮೋಹನ ಮಾಳವೀಯರ ಹೆಸರು ಬಂದಿದೆ. ಇವುಗಳಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಬಡ್ತಿಯ ಪ್ರಮಾಣಪತ್ರಕ್ಕಾಗಿಯೇ ಹೋದವರೂ ಉಂಟು, ಇರಲಿ. ಮುಖ್ಯವಾದ ನ್ಯೂನತೆ ಬೇರೆ: ಅಲ್ಲಿ ಹೇಳುವವರೂ ಕೇಳುವವರೂ ಉಪನ್ಯಾಸಕರೇ, ವಿದ್ಯಾರ್ಥಿಗಳಿಲ್ಲ. ಆದಕಾರಣ ಆ ನಾಲ್ಕು ವಾರಗಳ ಬಳಿಕ ಹೊಸಬನು ಒಂದು ವರ್ಷ ತನ್ನ ಕಾಲೇಜಿನ ಹಿರಿಯರ ತರಗತಿಯಲ್ಲಿ ಕುಳಿತು ಕೇಳುವಂತೆಯೂ, ವಾರಕ್ಕೊಮ್ಮೆ ಆ ಹಿರಿಯರು ಇವನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವಂತೆಯೂ ನಿಯಮಿಸಬೇಕೆಂದು ನನ್ನ ಅಭಿಪ್ರಾಯ.