ಎಲೆಗೆ ಬೀಳುವ ಬೆಳಕಿನ ಪೆಟ್ಟು: ಕಾಳಿ ಕಣಿವೆಯ ಕಾಡು ಮತ್ತು ದ್ಯುತಿಸಂಶ್ಲೇಷಣೆಯ ಚರಿತ್ರೆ

ದಾಂಡೇಲಿಗೆ ಹತ್ತಿರ, ಕಾಳಿ ನದಿಯ ದಂಡೆಯಲ್ಲಿರುವ ಮೌಳಂಗಿಯ ಸುತ್ತ ಮತ್ತಿ, ನಂದಿ, ಜಂಬೆ, ಹೊನ್ನೆ, ಸಾಗವಾನಿ, ಬಿದಿರು ಕೂಡಿ ಬೆಳೆದ ಎಲೆಯುದುರುವ ಕಾಡಿದೆ. ಇಲ್ಲಿಂದ ಪಶ್ಚಿಮಕ್ಕೆ, ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಕಡೆಗೆ ಹೋದಂತೆಲ್ಲ ಮಳೆ ಏರಿ ಕಾಡು ವರ್ಷವಿಡೀ ಹಸಿರಾಗಿರುತ್ತದೆ. ಪೂರ್ವಕ್ಕೆ ಹಳಿಯಾಳ, ಮುಂಡಗೋಡದತ್ತ ಹೊರಳಿದರೆ ಮಳೆ ಇಳಿದು ಮರಗಳು ವಿರಳವಾಗುತ್ತವೆ. ಮಳೆಯ ಈ ಏರಿಳಿತವನ್ನು ಎಲ್ಲರೂ ಬರೆದಿದ್ದಾರೆ. ಅದರ ಜೊತೆಗೇ ಬದಲಾಗುವ ಬೆಳಕಿನ ಬಗ್ಗೆ ಬರೆದವರು ಕಡಿಮೆ. ಬಯಲಿನಲ್ಲಿ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್ ಬೆಳಕಿನ ಕಣಗಳು ಬಿದ್ದರೆ, ದಟ್ಟ ಕಾಡಿನ ನೆಲಕ್ಕೆ ತಲುಪುವುದು ಅದರ ಶೇ. 1ರಿಂದ 2ರಷ್ಟು ಮಾತ್ರ. ದೊಡ್ಡ ಮರವೊಂದು ಉರುಳಿದ ದಿನ ಅದರ ಬುಡದಲ್ಲಿದ್ದ ಸಸಿಗೆ ಇದ್ದಕ್ಕಿದ್ದಂತೆ ಐವತ್ತು ಪಟ್ಟು ಬೆಳಕು ಸಿಗಬಹುದು. ಸಸಿಗೆ ಇದು ಬರೀ ಲಾಭ ಎಂದು ನಾವು ಶಾಲೆಯಿಂದಲೂ ನಂಬಿಕೊಂಡು ಬಂದಿದ್ದೇವೆ. ಆದರೆ ಬೆಳಕಿನಿಂದ ಎಲೆಗೆ ಆಗುವ ಹಾನಿಯು ಅಪರೂಪದ ಅವಘಡವಲ್ಲ, ಬೆಳಕು ಹಿಡಿಯುವ ಕೆಲಸಕ್ಕೇ ಅಂಟಿಕೊಂಡ ದಿನನಿತ್ಯದ ಖರ್ಚು. ಸಾಕ್ಷ್ಯ ಕೈಯಲ್ಲಿದ್ದೂ ವಿಜ್ಞಾನ ಅದನ್ನು ಮತ್ತೆ ಮತ್ತೆ ಲೆಕ್ಕದಿಂದ ಬಿಟ್ಟಿತು ಎಂಬುದು ಈ ಲೇಖನದ ವಾದ.

ದ್ಯುತಿಸಂಶ್ಲೇಷಣೆಯ ಆರಂಭದ ಚರಿತ್ರೆ ಪೂರ್ತಿಯಾಗಿ ಗಳಿಕೆಯ ಚರಿತ್ರೆ. ಕೆಟ್ಟ ಗಾಳಿಯನ್ನು ಗಿಡ ಸರಿಪಡಿಸುತ್ತದೆಂದು 1770ರ ದಶಕದ ಮೊದಲಲ್ಲಿ ಪ್ರೀಸ್ಟ್ಲಿ ತೋರಿಸಿದರು. ಅದಕ್ಕೆ ಬೆಳಕು ಬೇಕೇಬೇಕೆಂದು 1779ರಲ್ಲಿ ಇಂಗೆನ್‌ಹೌಸ್ ಹೇಳಿದರು. 1804ರಲ್ಲಿ ಸೊಸ್ಸೂರ್ ನೀರಿನ ಪಾತ್ರವನ್ನು ತೂಗಿ ತೋರಿಸಿದರು. ಎಲೆ ಏನು ತಯಾರಿಸುತ್ತದೆ ಎಂಬುದೊಂದೇ ಆಗಿನ ಪ್ರಶ್ನೆ. ಈ ಧಾರೆಗೆ ಎದುರಾಗಿ ಮೊದಲು ಈಜಿದವರು ಜರ್ಮನಿಯ ನಥಾನಿಯೆಲ್ ಪ್ರಿಂಗ್ಸ್‌ಹೈಮ್. 1879ರ ಹೊತ್ತಿಗೆ ಅವರು ಮಸೂರದಿಂದ ಬಿಸಿಲನ್ನು ಒಗ್ಗೂಡಿಸಿ ಸೂಕ್ಷ್ಮದರ್ಶಕದ ಕೆಳಗಿನ ಜೀವಕೋಶದ ಮೇಲೆ ಹಾಯಿಸಿದರು. ಪತ್ರಹರಿತ್ತು ಬಿಳಿಚಿತು, ಕೋಶ ಸತ್ತಿತು. ಆಮ್ಲಜನಕ ಇಲ್ಲದಿದ್ದರೆ ಈ ನಾಶ ನಡೆಯುವುದಿಲ್ಲ ಎಂಬುದನ್ನೂ ಅವರು ಗುರುತಿಸಿದರು. ಆದರೆ ಇದರಿಂದ ಅವರು ತೆಗೆದ ತೀರ್ಮಾನ ತಪ್ಪಾಗಿತ್ತು: ಪತ್ರಹರಿತ್ತು ಇಂಗಾಲವನ್ನು ಒಗ್ಗಿಸುವ ವಸ್ತುವಲ್ಲ, ಕೋಶವನ್ನು ಬೆಳಕಿನಿಂದ ಕಾಯುವ ಪರದೆ ಎಂದರು. 1882ರಲ್ಲಿ ಎಂಗೆಲ್ಮನ್, ಪತ್ರಹರಿತ್ತು ಹೀರುವ ಕೆಂಪು ಮತ್ತು ನೀಲಿ ಬೆಳಕಿನಲ್ಲೇ ಆಮ್ಲಜನಕ ಹೆಚ್ಚು ಹೊಮ್ಮುತ್ತದೆಂದು ಬ್ಯಾಕ್ಟೀರಿಯಗಳ ಸಹಾಯದಿಂದ ತೋರಿಸಿದ ಮೇಲೆ ಪರದೆಯ ಸಿದ್ಧಾಂತ ನಿಲ್ಲಲಿಲ್ಲ. ಸಿದ್ಧಾಂತ ಬಿದ್ದದ್ದು ನ್ಯಾಯವೇ. ಅದರ ಜೊತೆಗೆ ಪ್ರಿಂಗ್ಸ್‌ಹೈಮ್ ಕಣ್ಣಾರೆ ಕಂಡ ಸಂಗತಿಯೂ ಮೂಲೆಗೆ ಬಿತ್ತು. ಅದನ್ನು ನಷ್ಟವೆಂದೇ ಕರೆಯಬೇಕು. ಅತಿಯಾಗಿ ಶಕ್ತಿ ತುಂಬಿಕೊಂಡ ಪತ್ರಹರಿತ್ತು ಅದನ್ನು ಆಮ್ಲಜನಕಕ್ಕೆ ದಾಟಿಸಿದಾಗ ಹುಟ್ಟುವ ಉಗ್ರ ರೂಪದ ಆಮ್ಲಜನಕವೇ ಎಲೆಯನ್ನು ಕೆಡಿಸುವ ಮುಖ್ಯ ಕಾರಣಗಳಲ್ಲೊಂದು ಎಂದು ಇಂದು ಪ್ರತಿ ಪಠ್ಯಪುಸ್ತಕವೂ ಹೇಳುತ್ತದೆ.

ಈ ಹಾನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಎರಡನೆಯ ಅವಕಾಶ ಉಷ್ಣವಲಯದಿಂದಲೇ ಬಂತು. ಆಲ್ಫ್ರೆಡ್ ಎವರ್ಟ್ 1896ರಲ್ಲಿ ಇಂಗಾಲ ಒಗ್ಗಿಸುವ ಕ್ರಿಯೆಯು ಬಲವಾದ ಬೆಳಕು, ಶಾಖ, ಚಳಿ, ಒಣಗುವಿಕೆಗಳಿಂದ ತಡೆಗೊಳ್ಳುವುದನ್ನು ವಿವರಿಸಿದರು. ಮರುವರ್ಷ ಉಷ್ಣವಲಯದ ಬಿಸಿಲಿನ ಪರಿಣಾಮವನ್ನೇ ವಿಷಯವಾಗಿಟ್ಟುಕೊಂಡು ಬರೆದರು. ಎಲೆ ಸಾಯದೆ ಸೋಲಬಹುದು, ಸೋತದ್ದು ನೆರಳಿನಲ್ಲಿ ಚೇತರಿಸಿಕೊಳ್ಳಬಹುದು ಎಂಬುದು ಅವರ ಮುಖ್ಯ ಒಳನೋಟ. ಆದರೆ ಮುಂದಿನ ಅರ್ಧ ಶತಮಾನವನ್ನು ಆಳಿದ್ದು ಕೇಂಬ್ರಿಜ್‌ನ ಎಫ್. ಎಫ್. ಬ್ಲ್ಯಾಕ್‌ಮನ್ 1905ರಲ್ಲಿ ಮಂಡಿಸಿದ ಮಿತಿಕಾರಕಗಳ ತತ್ವ. ಬೆಳಕು ಹೆಚ್ಚಿದಂತೆ ಕ್ರಿಯೆಯ ವೇಗ ಏರುತ್ತದೆ. ಒಂದು ಹಂತದಲ್ಲಿ ಇಂಗಾಲದ ಡೈಆಕ್ಸೈಡೋ ಉಷ್ಣತೆಯೋ ಸಾಲದಾಗಿ ರೇಖೆ ಚಪ್ಪಟೆಯಾಗುತ್ತದೆ. ಈ ರೇಖೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಚಪ್ಪಟೆ ಭಾಗದಲ್ಲಿ ಏನಾಗುತ್ತಿದೆ ಎಂದು ಕೇಳುವ ಅಗತ್ಯವೇ ಕಾಣಲಿಲ್ಲ. ಎಲೆ ಅಲ್ಲಿಯೂ ಬೆಳಕನ್ನು ಹೀರುತ್ತಲೇ ಇರುತ್ತದೆ. ಹೀರಿದ ಶಕ್ತಿ ಸಕ್ಕರೆಯಾಗದಿದ್ದರೆ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ರೇಖೆಯೇ ಕೇಳುತ್ತಿತ್ತು. 1924ರಲ್ಲಿ ದ್ಯುತಿಸಂಶ್ಲೇಷಣೆಯ ಶರೀರಕ್ರಿಯೆಯ ಬಗ್ಗೆ ಗ್ರಂಥ ಪ್ರಕಟಿಸಿದ ಜಗದೀಶಚಂದ್ರ ಬೋಸರೂ ಹೈಡ್ರಿಲ್ಲಾ ನೀರುಗಿಡದ ಗುಳ್ಳೆಗಳನ್ನು ತಾವೇ ರೂಪಿಸಿದ ಯಂತ್ರದಿಂದ ದಾಖಲಿಸಿ ಅಳೆದದ್ದು ಗಳಿಕೆಯನ್ನೇ.

ಬೆಳಕಿನ ಹಾನಿ ಹೊರಗಿನಿಂದ ಬರುವ ಪೀಡೆಯಲ್ಲ, ಎಲೆಯ ರಚನೆಯಲ್ಲೇ ಅದರ ಬೇರಿದೆ ಎನ್ನಲು ಅತ್ಯುತ್ತಮ ಆಧಾರ ಹಾನಿಯನ್ನು ಹುಡುಕದ ಪ್ರಯೋಗವೊಂದರಲ್ಲಿ ಸಿಗುತ್ತದೆ. 1932ರಲ್ಲಿ ರಾಬರ್ಟ್ ಎಮರ್ಸನ್ ಮತ್ತು ವಿಲಿಯಂ ಆರ್ನಲ್ಡ್ ಕ್ಲೋರೆಲ್ಲಾ ಪಾಚಿಗೆ ಕ್ಷಣಮಾತ್ರದ ಮಿಂಚುಬೆಳಕು ಕೊಟ್ಟು ಅಳೆದಾಗ, ಒಂದು ಆಮ್ಲಜನಕದ ಅಣು ಹೊರಬರಲು ಸುಮಾರು 2500 ಪತ್ರಹರಿತ್ತಿನ ಅಣುಗಳು ಬೇಕಾಗುತ್ತವೆಂದು ಕಂಡಿತು. ಅಂದರೆ ಬಹುಪಾಲು ಪತ್ರಹರಿತ್ತು ರಾಸಾಯನಿಕ ಕೆಲಸ ಮಾಡುವುದಿಲ್ಲ. ಬೆಳಕನ್ನು ಹಿಡಿದು ಕೆಲವೇ ಕ್ರಿಯಾಕೇಂದ್ರಗಳಿಗೆ ಸಾಗಿಸುತ್ತದೆ. ಮಬ್ಬುಬೆಳಕಿನಲ್ಲಿ, ಮತ್ತಿಯ ಅಡಿಯ ನೆರಳಿನಲ್ಲಿ, ಇದು ಬದುಕುಳಿಯುವ ದಾರಿ. ಆದರೆ ಅದೇ ವಿಶಾಲ ಬಲೆ ನಡುಮಧ್ಯಾಹ್ನದ ಬಿಸಿಲಿಗೆ ಒಡ್ಡಿಕೊಂಡಾಗ ಕೇಂದ್ರಗಳು ನಿಭಾಯಿಸಲಾರದಷ್ಟು ಶಕ್ತಿ ಬಂದು ಬೀಳುತ್ತದೆ. ಬಡತನದ ಬೆಳಕಿಗೆ ಕಟ್ಟಿದ ರಚನೆಗೆ ಸಿರಿವಂತಿಕೆಯ ಬೆಳಕೇ ಅಪಾಯ. 1956ರಲ್ಲಿ ಬೆಸೆಲ್ ಕೊಕ್ ತೀವ್ರ ಬೆಳಕಿನಿಂದ ದ್ಯುತಿಸಂಶ್ಲೇಷಣೆ ಕುಗ್ಗುವುದನ್ನು ಪರಿಮಾಣಾತ್ಮಕವಾಗಿ ಅಳೆದರು. 1984ರಲ್ಲಿ ಕೈಲ್, ಒಹಾದ್, ಆರ್ಂಟ್ಜನ್ ಈ ಪೆಟ್ಟು ‘ದ್ಯುತಿವ್ಯವಸ್ಥೆ ಎರಡು’ ಎಂಬ, ನೀರನ್ನು ಒಡೆಯುವ ಕ್ರಿಯಾಕೇಂದ್ರದ ಒಳಗಿನ, ಈಗ ಡಿ1 ಎನ್ನುವ ಪ್ರೋಟೀನಿನ ಮೇಲೆ ಬೀಳುತ್ತದೆಂದು ತೋರಿಸಿದರು. ಅದೇ ವರ್ಷ ಆಟರ್ ಮಟ್ಟೂ ಮತ್ತು ಸಂಗಡಿಗರು ಸ್ಪೈರೊಡೆಲಾ ಎಂಬ ತೇಲುಗಿಡದಲ್ಲಿ, ಈ ಪ್ರೋಟೀನು ಬೆಳಕಿನಲ್ಲಿ ಬಲುಬೇಗ ಒಡೆದು ಹೊಸದಾಗಿ ಕಟ್ಟಿಕೊಳ್ಳುವುದನ್ನು ವಿವರಿಸಿದರು. ಮೊದಲ ಪೆಟ್ಟು ನೀರನ್ನು ಒಡೆಯುವ ಮ್ಯಾಂಗನೀಸ್ ಗುಚ್ಛಕ್ಕೇ ಬೀಳುತ್ತದೆಂದು 2005ರಲ್ಲಿ ಎರಡು ಬೇರೆ ಬೇರೆ ತಂಡಗಳು ವಾದಿಸಿದ ಮೇಲೆ ಹಾನಿಯ ಕ್ರಮದ ಬಗ್ಗೆ ಚರ್ಚೆ ಮುಂದುವರಿದಿದೆ. ಆ ವಾದ ನಿಂತರೆ ಇಲ್ಲಿನ ನಿಲುವು ಇನ್ನಷ್ಟು ಗಟ್ಟಿಯಾಗುತ್ತದೆ. ಗುಚ್ಛವೇ ನೇರವಾಗಿ ಬೆಳಕು ಹೀರಿ ಕೆಡುವುದಾದರೆ ಮಂದ ಬೆಳಕಿನಲ್ಲೂ ಅಲ್ಪಸ್ವಲ್ಪ ಹಾನಿ ನಡೆದೇ ಇರಬೇಕಾಗುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಕಾಡಿನ ಮರಗಳು ಬಿಸಿಲಿನಲ್ಲಿ ಹಸಿರಾಗಿಯೇ ನಿಂತಿವೆಯಲ್ಲ, ಹಾನಿ ದಿನನಿತ್ಯದ್ದಾದರೆ ಅದು ಕಾಣಬೇಕಿತ್ತಲ್ಲ? ಕಾಣದಿರುವುದಕ್ಕೆ ಕಾರಣ ದುರಸ್ತಿ. ಹಾನಿಯ ವೇಗಕ್ಕೆ ದುರಸ್ತಿಯ ವೇಗ ಸಮನಾಗಿದ್ದಷ್ಟು ಕಾಲ ಎಲೆ ಕ್ಷೇಮವಾಗಿ ತೋರುತ್ತದೆ. ಪ್ರೋಟೀನು ಕಟ್ಟುವ ಕೆಲಸವನ್ನು ಔಷಧಿಯಿಂದ ತಡೆದು ನೋಡಿದರೆ, ಸಾಧಾರಣ ಬೆಳಕಿನಲ್ಲೂ ಎಲೆಯ ಸಾಮರ್ಥ್ಯ ಕುಸಿಯುತ್ತ ಹೋಗುತ್ತದೆ. ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು: ಬಿಸಿಲೇರಿದಾಗ ದಕ್ಷತೆ ಇಳಿಯುವುದು ಹಾನಿಯಲ್ಲ, ರಕ್ಷಣೆ. 1980ರ ದಶಕದ ಕೊನೆಯಲ್ಲಿ ಬಾರ್ಬರಾ ಡೆಮಿಗ್-ಆಡಮ್ಸ್, ವಯೊಲಕ್ಸಾಂಥಿನ್ ಎಂಬ ಹಳದಿ ವರ್ಣದ್ರವ್ಯ ಜಿಯಕ್ಸಾಂಥಿನ್ ಆಗಿ ಬದಲಾಗಿ ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಹೊರಹಾಕಲು ನೆರವಾಗುತ್ತದೆಂಬ ಸಾಕ್ಷ್ಯ ಕೊಟ್ಟರು; 2000ದಲ್ಲಿ ಕೃಷ್ಣ ನಿಯೋಗಿಯವರ ತಂಡ ಈ ಕ್ರಿಯೆಗೆ ಅಗತ್ಯವಾದ ಪ್ರೋಟೀನೊಂದನ್ನು ಗುರುತಿಸಿತು. ರಕ್ಷಣೆ ಮತ್ತು ಹಾನಿ ಬೇರೆಬೇರೆ ಎಂಬುದನ್ನು ಒಪ್ಪಲೇಬೇಕು. ಹಳೆಯ ಲೇಖಕರು ಎರಡನ್ನೂ ಬೆರೆಸಿದ್ದರು. ಆದರೆ ಇಷ್ಟು ಪದರಗಳ ರಕ್ಷಣೆಯನ್ನು ಹಸಿರು ಗಿಡಗಳು ಉಳಿಸಿಕೊಂಡು ಬಂದಿರುವುದೇ ಅಪಾಯ ಸದಾ ಇದೆ ಎಂಬುದಕ್ಕೆ ಪುರಾವೆ. ಆ ರಕ್ಷಣೆಗೂ ಬೆಲೆಯಿದೆ: ಮೋಡ ಕವಿದು ಬೆಳಕು ಇಳಿದ ಮೇಲೂ ಎಲೆ ಕೆಲವು ನಿಮಿಷ ಶಕ್ತಿಯನ್ನು ಚೆಲ್ಲುತ್ತಲೇ ಇರುತ್ತದೆ. 2016ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಈ ಚೇತರಿಕೆಯನ್ನು ಚುರುಕುಗೊಳಿಸಿದ ತಂಬಾಕು ಗದ್ದೆಯಲ್ಲಿ ಸುಮಾರು ಶೇ. 15ರಷ್ಟು ಹೆಚ್ಚು ಬೆಳೆಯಿತು. ಅದೇ ಬದಲಾವಣೆ ಅರಾಬಿಡಾಪ್ಸಿಸ್ ಗಿಡದಲ್ಲಿ ಫಲ ಕೊಡಲಿಲ್ಲ. ಒಂದು ಗಿಡಕ್ಕೆ ವ್ಯರ್ಥವಾದದ್ದು ಇನ್ನೊಂದಕ್ಕೆ ಅಗತ್ಯ.

ಈ ಕಡೆಯ ಮಾತು ಕಾಳಿ ಕಣಿವೆಗೆ ನೇರವಾಗಿ ತಾಗುತ್ತದೆ. ಮುಂಬೈ ಪ್ರಾಂತದಲ್ಲಿದ್ದ ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿ ದುಡಿದ ಡಬ್ಲ್ಯು. ಎ. ಟಾಲ್ಬಟ್ ಇಲ್ಲಿನ ಮರಗಳನ್ನು 1909 ಮತ್ತು 1911ರ ಎರಡು ಸಂಪುಟಗಳಲ್ಲಿ ವರ್ಣಿಸಿದರು. ಆರ್. ಎಸ್. ಟ್ರೂಪ್ 1921ರಲ್ಲಿ ಭಾರತದ ಮರಗಳನ್ನು ಬೆಳೆಸುವ ಕ್ರಮದ ಬಗ್ಗೆ ಮೂರು ಸಂಪುಟ ಬರೆದು, ಯಾವ ಮರ ಬೆಳಕು ಬೇಡುತ್ತದೆ, ಯಾವುದು ನೆರಳು ತಾಳುತ್ತದೆ ಎಂದು ಗುರುತಿಸಿದರು. ಕಣ್ಣಳತೆಯ ಈ ವಿಂಗಡಣೆ ಅಸಾಧಾರಣ ಶ್ರದ್ಧೆಯಿಂದ ಮಾಡಿದ್ದು, ಬಹುಮಟ್ಟಿಗೆ ಸರಿಯೂ ಹೌದು: ಸಾಗವಾನಿ ಬೆಳಕಿಲ್ಲದೆ ಬೆಳೆಯದು. ಆದರೆ ಮಾರುಕಟ್ಟೆಯಲ್ಲಿ ಬೆಲೆಯಿದ್ದದ್ದು ಬೆಳಕು ಬೇಡುವ ಸಾಗವಾನಿಗೆ. ಅದಕ್ಕಾಗಿ ಮೇಲುಹೊದಿಕೆಯನ್ನು ತೆರೆಯುವುದೇ ಒಳ್ಳೆಯ ವನಪಾಲನೆ ಎಂಬ ನಿಲುವು ಬೇರೂರಿತು. ನೆರಳು ತಾಳುವುದು ಎಂದರೆ ಬೆಳಕಿನ ಕೊರತೆಯನ್ನು ಸಹಿಸುವುದು ಎಂದಷ್ಟೇ ತಿಳಿಯಲಾಯಿತು. ನೆರಳಿನಲ್ಲಿ ಬೆಳೆದ ಎಲೆಯ ರಚನೆ ತೆರೆದ ಬಿಸಿಲಿಗೆ ತಾನೇ ಗುರಿಯಾಗುತ್ತದೆ ಎಂಬ ಇನ್ನೊಂದು ಮುಖ ಆ ಹೆಸರಿನೊಳಗೆ ಇರಲಿಲ್ಲ. ತೆರೆದ ಜಾಗದಲ್ಲಿ ಸಸಿಗಳು ಸಾಯುವುದು ನೀರಿಲ್ಲದೆ, ಬೆಳಕಿನಿಂದಲ್ಲ ಎಂದು ಇಲ್ಲಿ ವಾದಿಸಬಹುದು. ಹಳಿಯಾಳದ ಏಪ್ರಿಲ್ ನೋಡಿದವರು ಆ ಮಾತನ್ನು ತಳ್ಳಿಹಾಕಲಾರರು. ಆದರೆ ನೀರು ಸಾಲದಾದಾಗ ಎಲೆ ತನ್ನ ರಂಧ್ರಗಳನ್ನು ಮುಚ್ಚುತ್ತದೆ, ಇಂಗಾಲದ ಡೈಆಕ್ಸೈಡ್ ಒಳಬರುವುದು ಕಡಿಮೆಯಾಗುತ್ತದೆ, ಹೀರಿದ ಬೆಳಕು ಖರ್ಚಾಗುವ ದಾರಿ ಇಕ್ಕಟ್ಟಾಗುತ್ತದೆ. ಬರವೇ ಸಾಧಾರಣ ಬಿಸಿಲನ್ನು ಅತಿಬಿಸಿಲಾಗಿ ಮಾಡುತ್ತದೆ. ಎರಡನ್ನೂ ಬೇರ್ಪಡಿಸಿ ಒಂದನ್ನು ಮಾತ್ರ ದೂರುವುದು ಎಲೆಯೊಳಗಿನ ಕ್ರಿಯೆಗೆ ಹೊಂದುವುದಿಲ್ಲ.

ಇದೇ ಜಿಲ್ಲೆಯ ಬಿದಿರಿನ ಪ್ರಕರಣ ಬೆಳಕಿಗೆ ಸಂಬಂಧಿಸಿದ್ದಲ್ಲವಾದರೂ ಇಲ್ಲಿ ನೆನೆಯಬೇಕಾದದ್ದು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದ ಕಾರ್ಖಾನೆ ಬಂದ ಮೇಲೆ ಬಿದಿರಿನ ಕಡಿತ ಹೆಚ್ಚಿತು. ಹಿಂಡಿಲಿನ ಬುಡದ ಮುಳ್ಳುಕಂಟಿಯನ್ನು ಸವರಿದರೆ ಬಿದಿರು ಚೆನ್ನಾಗಿ ಬರುತ್ತದೆಂದು ಭಾವಿಸಲಾಗಿತ್ತು. ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಕರ್ನಾಟಕದ ಬಿದಿರಿನ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಆ ಮುಳ್ಳೇ ಎಳೆಯ ಕಳಲೆಯನ್ನು ದನಕರು, ಕಾಡುಪ್ರಾಣಿಗಳಿಂದ ಕಾಯುತ್ತಿತ್ತೆಂದು ಕಂಡುಬಂತು. ಉತ್ಪಾದನೆಯ ಕಣ್ಣಿಗೆ ಅಡ್ಡಿಯಾಗಿ ಕಂಡದ್ದು ರಕ್ಷಣೆಯಾಗಿತ್ತು. ಎಲೆಯೊಳಗಿನ ಹಳದಿ ವರ್ಣದ್ರವ್ಯಗಳನ್ನು, ಶಾಖವಾಗಿ ಹೋಗುವ ಶಕ್ತಿಯನ್ನು ಬಹುಕಾಲ ಗಳಿಕೆಯ ಸೋರಿಕೆ ಎಂದಷ್ಟೇ ನೋಡಿದ್ದೂ ಇದೇ ದೃಷ್ಟಿ.

ಅಡಿಕೆ ಬೆಳೆಗಾರರು ಮಾತ್ರ ಬೆಳಕನ್ನು ಎರಡಲಗಿನದೆಂದೇ ಕಂಡುಕೊಂಡು ಬಂದಿದ್ದಾರೆ. ಎಳೆಯ ಸಸಿಗೆ ಬಾಳೆಯ ನೆರಳು ಕೊಡುವುದು, ನೈರುತ್ಯದ ಬಿಸಿಲು ತಾಗುವ ಕಾಂಡಕ್ಕೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುವುದು ತೋಟಗಳ ರೂಢಿ. ಸಾಲುಗಳನ್ನು ಉತ್ತರ–ದಕ್ಷಿಣ ರೇಖೆಯಿಂದ ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಿ ನೆಡಬೇಕೆಂಬ ಶಿಫಾರಸೂ ಕಾಂಡವನ್ನು ಬಿಸಿಲಿನಿಂದ ಉಳಿಸಲೆಂದೇ ಇದೆ. ಕಾಂಡ ಸುಡುವುದರಲ್ಲಿ ಶಾಖದ ಪಾಲೇ ದೊಡ್ಡದು, ಅದನ್ನು ದ್ಯುತಿವ್ಯವಸ್ಥೆಯ ಹಾನಿಯೊಂದಿಗೆ ಬೆರೆಸಬಾರದು. ಸಸಿಯ ಎಲೆಗೆ ಬಾಳೆ ಕೊಡುವ ನೆರಳು ಬೇರೆ ಸಂಗತಿ. ಅಲ್ಲಿ ಹಾನಿ ಮತ್ತು ದುರಸ್ತಿಯ ಸಮತೋಲವೇ ಪ್ರಶ್ನೆ. ಅದನ್ನು ಅಳೆಯುವುದು ಈಗ ಕಷ್ಟವಲ್ಲ. ಕತ್ತಲಿಗೆ ಒಗ್ಗಿಸಿದ ಆರೋಗ್ಯವಂತ ಎಲೆಯ ಪ್ರತಿದೀಪ್ತಿಯಿಂದ ಲೆಕ್ಕಹಾಕುವ ದಕ್ಷತೆ, ಜಾತಿ ಯಾವುದೇ ಇರಲಿ, ಸುಮಾರು 0.83 ಎಂದು ಬ್ಯೋರ್ಕ್‌ಮನ್ ಮತ್ತು ಮೇಲೆ ಹೇಳಿದ ಡೆಮಿಗ್ 1987ರಲ್ಲಿ ತೋರಿಸಿದರು. ಕೈಯಲ್ಲಿ ಹಿಡಿಯಬಹುದಾದ ಉಪಕರಣ ಎಲೆಯನ್ನು ಕೀಳದೆಯೇ ಈ ಅಂಕಿ ಕೊಡುತ್ತದೆ. ಮಳೆಗಾಲದ ಮೊದಲಲ್ಲಿ ನೆಡುತೋಪಿಗೆ ಒಯ್ಯುವ ಸಸಿಯನ್ನು ಪಾತಿಯ ನೆರಳಿನಿಂದ ಎಷ್ಟು ದಿನಗಳಲ್ಲಿ, ಎಷ್ಟೆಷ್ಟಾಗಿ ಬಿಸಿಲಿಗೆ ಒಗ್ಗಿಸಬೇಕು, ಮೇಲುಹೊದಿಕೆಯನ್ನು ಎಷ್ಟು ಅಗಲ ತೆರೆದರೆ ಕೆಳಗಿನ ನಿತ್ಯಹರಿದ್ವರ್ಣದ ಸಸಿಗಳ ದುರಸ್ತಿ ಹಿಂದೆ ಬೀಳುತ್ತದೆ ಎಂಬುದನ್ನು ಜೋಯಿಡಾದಿಂದ ಹಳಿಯಾಳದವರೆಗಿನ ಮಳೆಯ ಇಳಿಜಾರಿನುದ್ದಕ್ಕೂ, ಬೇಸಿಗೆಯಲ್ಲೂ ಮಳೆಗಾಲದಲ್ಲೂ, ಜಾತಿ ಜಾತಿಗೆ ಅಳೆದು, ಟ್ರೂಪ್ ಮಾಡಿದ ವಿಂಗಡಣೆಯ ಪಕ್ಕದಲ್ಲಿ ಇಡಬೇಕಾಗಿದೆ.