ದೊಡ್ಡವರ ರೊಟ್ಟಿ, ಬಡವರ ರೊಟ್ಟಿ

ಬೆಂಗಳೂರಿನ ಫ್ರೆಂಚ್ ಮಾದರಿಯ ಬೇಕರಿಯೊಂದಕ್ಕೆ ಇತ್ತೀಚೆಗೆ ಅಫಜಲಪುರದ ಸ್ನೇಹಿತರೊಬ್ಬರೊಡನೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಮೊಳದುದ್ದದ ಬ್ಯಾಗೆಟ್, ಅರ್ಧಚಂದ್ರಾಕಾರದ ಕ್ರೊಸಾಂ, ಹಣ್ಣಿನ ಹೋಳು ಹೊದ್ದ ಪೇಸ್ಟ್ರಿಗಳು ಸಾಲಾಗಿ ಕುಳಿತಿದ್ದವು. ಬೆಲೆಯ ಚೀಟಿ ನೋಡಿದ ಸ್ನೇಹಿತರು, "ಇದು ದೊಡ್ಡವರ ರೊಟ್ಟಿ ಬಿಡ್ರಿ" ಎಂದರು. ಆ ಅಂಗಡಿಯ ಮಟ್ಟಿಗೆ ಮಾತು ಸರಿ. ಆದರೆ ಚರಿತ್ರೆ ಬೇರೊಂದು ಕತೆ ಹೇಳುತ್ತದೆ.

ಫ್ರಾನ್ಸಿನಲ್ಲಿ ಬ್ರೆಡ್ಡು ಬಡವರ ಹೊಟ್ಟೆಯ ಪ್ರಶ್ನೆಯಾಗಿತ್ತು. 1775ರಲ್ಲಿ ಹಿಟ್ಟಿನ ಬೆಲೆ ಏರಿದಾಗ ಅಲ್ಲಿ ನಡೆದ ದಂಗೆಗಳಿಗೆ 'ಹಿಟ್ಟಿನ ಯುದ್ಧ' ಎಂದೇ ಹೆಸರಾಯಿತು. 1789ರ ಅಕ್ಟೋಬರದಲ್ಲಿ ಪ್ಯಾರಿಸ್ಸಿನ ಹೆಂಗಸರು ಬ್ರೆಡ್ಡು ಕೇಳುತ್ತ ವರ್ಸೇಲ್ಸ್ ಅರಮನೆಯವರೆಗೆ ನಡೆದು, ರಾಜನನ್ನು ರಾಜಧಾನಿಗೆ ಕರೆತಂದರು. ಕ್ರೊಸಾಂ ಕೂಡ ಮೂಲತಃ ಫ್ರೆಂಚರದಲ್ಲ. 1839ರ ಸುಮಾರಿಗೆ ಆಗಸ್ಟ್ ಜಾಂಗ್ ಎಂಬ ಆಸ್ಟ್ರಿಯಾದವನು ಪ್ಯಾರಿಸ್ಸಿನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದನು. ಅವನು ತಂದ ಅರ್ಧಚಂದ್ರದ ತಿನಿಸೇ ಮುಂದೆ ಬೆಣ್ಣೆಯ ಪದರಗಳನ್ನು ಪಡೆದು ಕ್ರೊಸಾಂ ಆಯಿತು.

ಇನ್ನು ನಮ್ಮ ಕಡೆಗೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನಕ್ಕೆ ಫ್ರೆಂಚರು ಅಪರಿಚಿತರಲ್ಲ. 1751ರಲ್ಲಿ ಬುಸ್ಸಿ ತನ್ನ ಸೈನ್ಯದೊಡನೆ ಅಲ್ಲಿಗೆ ಬಂದನು. ಆಮೇಲೆ ರೇಮಂಡ್ ಎಂಬ ಫ್ರೆಂಚ್ ಸೇನಾನಿ ನಿಜಾಮರ ಪಡೆಯನ್ನು ಕಟ್ಟಿ, 1798ರಲ್ಲಿ ತೀರಿಕೊಂಡನು. ಜನ ಅವನನ್ನು ಮೂಸಾ ರಾಮ್ ಎಂದು ಕರೆದರು. ಹೈದರಾಬಾದಿನ ಮೂಸಾರಾಂಬಾಗಿನಲ್ಲಿ ಆ ಹೆಸರು ಉಳಿದಿದೆ. ಆದರೆ ನಮ್ಮ ಬಾಯಿಗೆ ಬಂದ 'ಪಾವ್' ಎಂಬ ಮಾತು ಫ್ರೆಂಚರದಲ್ಲ; ಅದು 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಭಾಷೆಯದು.

ಇಷ್ಟಾದರೂ ಭೀಮಾ ತೀರದ ಒಲೆಯ ಮೇಲೆ ಬ್ರೆಡ್ಡು ಏಕೆ ನೆಲೆಗೊಳ್ಳಲಿಲ್ಲ? ಒಂದು ಉತ್ತರ ಮಣ್ಣಿನಲ್ಲಿದೆ, ಇನ್ನೊಂದು ಹಿಟ್ಟಿನಲ್ಲಿದೆ. ಇಲ್ಲಿನ ಎರೆ ಭೂಮಿ ಹಿಂಗಾರಿ ಜೋಳದ ನೆಲ. ಗೋಧಿ ಹಿಟ್ಟಿಗೆ ನೀರು ಬಿದ್ದರೆ ಗ್ಲೂಟೆನ್ ಎಂಬ ಅಂಟು ಪ್ರೋಟೀನು ಬಲೆಯಂತೆ ಹೆಣೆದುಕೊಂಡು, ಯೀಸ್ಟ್ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುತ್ತದೆ, ಹಿಟ್ಟು ಉಬ್ಬುತ್ತದೆ. ಜೋಳದಲ್ಲಿ ಆ ಬಲೆ ಇಲ್ಲ. ಅದಕ್ಕೇ ನಮ್ಮ ತಾಯಂದಿರು ಕುದಿನೀರು ಸುರಿದು ಹಿಟ್ಟು ನಾದುತ್ತಾರೆ. ಬಿಸಿಗೆ ಪಿಷ್ಟ ಉಬ್ಬಿ ಅಂಟಾಗುತ್ತದೆ, ಅಂಗೈ ಬಡಿತಕ್ಕೆ ರೊಟ್ಟಿ ಹರಿಯದೆ ಅಗಲವಾಗುತ್ತದೆ. ಹಂಚಿನ ಮೇಲೆ ಅದನ್ನು ಉಬ್ಬಿಸುವುದು ಒಳಗಿನ ಹಬೆ. ಕ್ರೊಸಾಂನ ಬೆಣ್ಣೆಯ ಪದರಗಳನ್ನು ಬಿಡಿಸಿ ಎತ್ತುವುದೂ ಹಬೆಯೇ. ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಎರಡೂ ನಾಡುಗಳ ಕೈಗಳು ಒಂದೇ ವಿದ್ಯೆಯನ್ನು ಕಲಿತಿದ್ದವು.

ಜೋಳವೂ ಒಮ್ಮೆ ಪರದೇಶಿಯೇ. ಅದರ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂತು. ಅಫಜಲಪುರಕ್ಕೆ ನೆರೆಯಾದ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಮಾಲದಂಡಿ 35-1 ತಳಿಯ ರೊಟ್ಟಿಗೆ ಇಂದಿಗೂ ಮರ್ಯಾದೆ ಇದೆ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿದರು. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ಯಾತ್ರಿಕರು, ಎಷ್ಟೇ ಸಿರಿವಂತರಾಗಿರಲಿ, ಮನೆಮನೆಗೆ ಹೋಗಿ ಮಧುಕರಿ ಬೇಡುತ್ತಾರೆ. ಇಲ್ಲಿ ಅನ್ನಕ್ಕೆ ದೊಡ್ಡವರು, ಸಣ್ಣವರು ಎಂಬ ಭೇದವಿಲ್ಲ.

ಬ್ರೆಡ್ಡು ನಮ್ಮ ಹಳ್ಳಿಗಳಿಗೆ ಬಂದದ್ದು ರೋಗಿಯ ಆಹಾರವಾಗಿ. ದವಾಖಾನೆಗೆ ಹೋಗುವವರ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಇರಲೇಬೇಕಿತ್ತು. 1965ರಲ್ಲಿ ಕೇಂದ್ರ ಸರ್ಕಾರವೇ ಮಾಡರ್ನ್ ಬೇಕರೀಸ್ ಸಂಸ್ಥೆಯನ್ನು ಸ್ಥಾಪಿಸಿತು. 2000ದಲ್ಲಿ ಅದು ಖಾಸಗಿಯವರ ಪಾಲಾಯಿತು. ಈ ನಡುವೆ ಬ್ರೆಡ್ಡು ಪೇಟೆಯ ನಾಗರಿಕತೆಯ ಗುರುತಾಯಿತು. ಚಿತ್ರೀಕರಣಕ್ಕೆಂದು ಆಳಂದ ಕಡೆ ತಿರುಗಾಡುವಾಗ, ಡಬ್ಬಿಯಲ್ಲಿ ತಂದ ರೊಟ್ಟಿಯನ್ನು ಅಂಗೈ ಮರೆಯಲ್ಲಿಟ್ಟು ತಿನ್ನುವ ಶಾಲಾಮಕ್ಕಳನ್ನು ಕಂಡಿದ್ದೇನೆ. ನನ್ನನ್ನು ಈ ಚರಿತ್ರೆಯ ಹಿಂದೆ ಹಚ್ಚಿದ್ದು ಆ ಅಂಗೈಗಳು.

ಫ್ರೆಂಚರು ತಮ್ಮ ದಿನದ ಬ್ರೆಡ್ಡಿಗೆ ನಾಚಲಿಲ್ಲ. 1993ರಲ್ಲಿ ಆಜ್ಞೆ ಹೊರಡಿಸಿ, ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್ಡು ಎಂದರೆ ಏನಿರಬೇಕು, ಏನಿರಬಾರದು ಎಂದು ಗೊತ್ತುಮಾಡಿದರು. 2022ರಲ್ಲಿ ಬ್ಯಾಗೆಟ್ ತಯಾರಿಸುವ ವಿದ್ಯೆ ಯುನೆಸ್ಕೋದ ಪಟ್ಟಿ ಸೇರಿತು. ನಮ್ಮಲ್ಲೂ ಈಚಿನ ವರ್ಷಗಳಲ್ಲಿ ಮಹಿಳಾ ಸಂಘಗಳು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ದೂರದ ಊರುಗಳಿಗೆ ರೊಟ್ಟಿ ಕಳಿಸುತ್ತಿವೆ. ಹೊಲದಲ್ಲಿ ತೊಗರಿ, ಕಬ್ಬು ಜೋಳವನ್ನು ಒತ್ತರಿಸುತ್ತಿರುವಾಗ ಇದು ಸಣ್ಣ ಸಂಗತಿಯಲ್ಲ.

ಬೇಕರಿಯಿಂದ ಹೊರಬಂದಾಗ ಸ್ನೇಹಿತರಿಗೆ ಇದನ್ನೆಲ್ಲ ಹೇಳಿದೆ. ಅವರು ಕ್ರೊಸಾಂನ ಪುಡಿಯನ್ನು ಅಂಗಿಯಿಂದ ಕೊಡವುತ್ತ, "ಹಂಗಾದ್ರ ಇದೂ ಯಾರದೋ ಮನಿ ರೊಟ್ಟೀನೇ" ಎಂದರು. ಅಷ್ಟೇ ಸತ್ಯ. ಒಬ್ಬರ ನಾಡಿನ ದಿನದ ತುತ್ತು ಇನ್ನೊಬ್ಬರ ಪೇಟೆಯಲ್ಲಿ ದುಬಾರಿ ತಿನಿಸಾಗುತ್ತದೆ. ಅದನ್ನು ಸವಿಯುವುದಕ್ಕೆ ಅಡ್ಡಿಯಿಲ್ಲ. ನಮ್ಮ ಡಬ್ಬಿಯ ಮುಚ್ಚಳವನ್ನೂ ಧೈರ್ಯವಾಗಿ ತೆರೆಯೋಣ.