ಕಾರ್ಟಿಸೋನ್: ಕೈಗಾರಿಕಾ ತಯಾರಿಕೆಯ ಇತಿಹಾಸ

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಯ ಹೊರಪದರದಲ್ಲಿ ದೊರೆಯುವ ಸ್ಟೀರಾಯ್ಡ್ ಕಾರ್ಟಿಸೋನ್. ಉರಿಯೂತವನ್ನು ತಗ್ಗಿಸುವ ಔಷಧವಾಗಿ ಇದು ಪ್ರಸಿದ್ಧ. ಎಲ್ಲ ಸ್ಟೀರಾಯ್ಡ್‌ಗಳಂತೆ ಇದರ ಅಣುವಿಗೂ ಬೆಸೆದುಕೊಂಡ ನಾಲ್ಕು ಇಂಗಾಲದ ಉಂಗುರಗಳ ಚೌಕಟ್ಟಿದೆ. 11ನೆಯ ಇಂಗಾಲಕ್ಕೆ ಸೇರಿದ ಆಮ್ಲಜನಕ ಇದರ ಗುಣಕ್ಕೆ ಮೂಲ. ಆ ಒಂದು ಪರಮಾಣುವನ್ನು ಅಗ್ಗವಾಗಿ ಅಲ್ಲಿ ಕೂರಿಸುವುದು ಹೇಗೆ ಎಂಬ ಪ್ರಶ್ನೆಯ ಸುತ್ತ ಈ ಉದ್ಯಮ ಬೆಳೆಯಿತು.

ಪಿತ್ತರಸದ ದಾರಿ: 1930ರ ದಶಕದ ನಡುವೆ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್, ಸ್ವಿಟ್ಜರ್ಲೆಂಡಿನಲ್ಲಿ ಟಡೇಯಸ್ ರೈಖ್‌ಸ್ಟೈನ್ ಇದನ್ನು ದನದ ಗ್ರಂಥಿಗಳಿಂದ ಬೇರೆಬೇರೆಯಾಗಿ ಪ್ರತ್ಯೇಕಿಸಿದರು. ರಾಶಿ ಗ್ರಂಥಿ ಅರೆದರೂ ಸಿಗುತ್ತಿದ್ದುದು ಚಿಟಿಕೆಯಷ್ಟು. 1944ರಲ್ಲಿ ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ದನದ ಪಿತ್ತರಸದಲ್ಲಿರುವ ಡಿಆಕ್ಸಿಕೋಲಿಕ್ ಆಮ್ಲದಿಂದ ಕಾರ್ಟಿಸೋನ್ ತಯಾರಿಸಿದರು. ಆ ಆಮ್ಲದಲ್ಲಿ ಆಮ್ಲಜನಕವಿದ್ದುದು 12ನೆಯ ಇಂಗಾಲದಲ್ಲಿ. ಅದನ್ನು ಪಕ್ಕದ 11ಕ್ಕೆ ಸರಿಸಲೇ ಅನೇಕ ಹಂತಗಳು ಬೇಕಾದವು. ಒಟ್ಟು ಹಂತಗಳು 30ನ್ನು ದಾಟಿದವು. ಒಂದೊಂದು ಹಂತದಲ್ಲಿ ಶೇ. 90ರಷ್ಟು ವಸ್ತು ಉಳಿದರೂ 30 ಹಂತ ಮುಗಿಯುವಾಗ ಕೈಗೆ ಸಿಗುವುದು ಶೇ. 4 ಮಾತ್ರ.

1948ರ ಸೆಪ್ಟೆಂಬರ್‌ನಲ್ಲಿ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ತೀವ್ರ ಸಂಧಿವಾತದಿಂದ ನರಳುತ್ತಿದ್ದ 29 ವರ್ಷದ ಮಹಿಳೆಗೆ ದಿನಕ್ಕೆ 100 ಮಿಲಿಗ್ರಾಂನಂತೆ ಇದನ್ನು ಚುಚ್ಚುಮದ್ದಾಗಿ ಕೊಟ್ಟರು. ನಡೆಯಲು ಒದ್ದಾಡುತ್ತಿದ್ದ ಆಕೆ ವಾರದೊಳಗೆ ಪೇಟೆಗೆ ಹೋಗಿಬಂದರು. ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಮೂವರಿಗೂ 1950ರ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಗ್ರಾಂ ಒಂದಕ್ಕೆ ಸುಮಾರು 200 ಡಾಲರ್ ಬೆಲೆಯಿದ್ದ ಮದ್ದು ಹೆಚ್ಚಿನ ರೋಗಿಗಳಿಗೆ ಎಟುಕುವಂತಿರಲಿಲ್ಲ.

ಕಾಡುಗೆಣಸು: ಅಗ್ಗದ ಮೂಲವಸ್ತು ಮೆಕ್ಸಿಕೋದ ಕಾಡುಗಳಲ್ಲಿತ್ತು. ರಸೆಲ್ ಮಾರ್ಕರ್ ಅಲ್ಲಿನ ಕಾಡುಗೆಣಸಿನಲ್ಲಿರುವ ಡಯೋಸ್ಜೆನಿನ್ ಅನ್ನು ಕೆಲವೇ ಹಂತಗಳಲ್ಲಿ ಪ್ರೊಜೆಸ್ಟರೋನ್ ಆಗಿ ಮಾರ್ಪಡಿಸುವ ವಿಧಾನ ಕಂಡುಹಿಡಿದಿದ್ದರು. 1944ರಲ್ಲಿ ಮೆಕ್ಸಿಕೋ ನಗರದಲ್ಲಿ ಸಿಂಟೆಕ್ಸ್ ಕಂಪನಿಯ ಸ್ಥಾಪನೆಯಲ್ಲಿ ಭಾಗಿಯಾದರು. 1951ರಲ್ಲಿ ಅದೇ ಕಂಪನಿಯ ರಸಾಯನವಿಜ್ಞಾನಿಗಳು ಡಯೋಸ್ಜೆನಿನ್‌ನಿಂದ ಕಾರ್ಟಿಸೋನ್ ಸಂಶ್ಲೇಷಿಸಿದರು. ಆದರೂ 11ನೆಯ ಇಂಗಾಲದ ಕಗ್ಗಂಟು ಸಡಿಲವಾಗಲಿಲ್ಲ.

ಬೂಷ್ಟಿನ ಕೆಲಸ: 1952ರಲ್ಲಿ ಅಪ್‌ಜಾನ್ ಕಂಪನಿಯ ಡ್ಯೂರಿ ಪೀಟರ್ಸನ್, ಹರ್ಬರ್ಟ್ ಮರೆ ಮತ್ತು ಸಂಗಡಿಗರು ಇದನ್ನು ಬಿಡಿಸಿದರು. ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ಕಪ್ಪು ಬೂಷ್ಟಿನ ಕುಲವಾದ ರೈಜೋಪಸ್ ಇರುವ ದ್ರಾವಣಕ್ಕೆ ಪ್ರೊಜೆಸ್ಟರೋನ್ ಬೆರೆಸಿದಾಗ, ಬೂಷ್ಟಿನ ಕಿಣ್ವ ಒಂದೇ ಹಂತದಲ್ಲಿ 11ನೆಯ ಇಂಗಾಲಕ್ಕೆ ಹೈಡ್ರಾಕ್ಸಿಲ್ ಗುಂಪನ್ನು ಸೇರಿಸಿತು. ಅದು ಉಂಗುರದ ಕೆಳಮುಖವಾಗಿ ಕೂರುತ್ತಿತ್ತು. ಅಡ್ರಿನಲ್ ಗ್ರಂಥಿಯ ಸ್ಟೀರಾಯ್ಡ್‌ಗಳಲ್ಲಿ ಅದು ಮೇಲ್ಮುಖ. ಆದರೆ ಕಾರ್ಟಿಸೋನ್‌ಗೆ ಬೇಕಾದುದು ಕೀಟೋನ್. ಉತ್ಕರ್ಷಿಸಿದೊಡನೆ ಮೇಲು-ಕೆಳಗು ಎಂಬ ಭೇದವೇ ಅಳಿಯುತ್ತದೆ. ಅಪ್‌ಜಾನ್ ಸಿಂಟೆಕ್ಸ್‌ನಿಂದ ಟನ್ನುಗಟ್ಟಲೆ ಪ್ರೊಜೆಸ್ಟರೋನ್ ಕೊಂಡಿತು. ಕಾರ್ಟಿಸೋನ್ ಬೆಲೆ ಗ್ರಾಂಗೆ 6 ಡಾಲರಿಗೆ ಕುಸಿಯಿತು.

ನಂತರದ ಬೆಳವಣಿಗೆ: 1955ರಲ್ಲಿ ಶೆರಿಂಗ್ ಕಂಪನಿ ಬ್ಯಾಕ್ಟೀರಿಯದ ನೆರವಿನಿಂದ ಕಾರ್ಟಿಸೋನ್ ಅನ್ನು ಇನ್ನೂ ಪ್ರಬಲವಾದ ಪ್ರೆಡ್ನಿಸೋನ್ ಆಗಿ ಬದಲಿಸಿತು. ಅಪ್‌ಜಾನ್ ಸೋಯಾ ಎಣ್ಣೆಯ ಸ್ಟಿಗ್ಮಾಸ್ಟೆರಾಲ್‌ನತ್ತ ತಿರುಗಿತು. ಭಾರತದಲ್ಲಿ ಡಯೋಸ್ಜೆನಿನ್‌ಗಾಗಿ ಡಯಾಸ್ಕೋರಿಯ ಗೆಣಸಿನ ಕೃಷಿ ನಡೆಯಿತು; ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ತಳಿಗಳನ್ನು ಅಭಿವೃದ್ಧಿಪಡಿಸಿತು. 1970ರ ದಶಕದಲ್ಲಿ ಸಸ್ಯ ಸ್ಟೆರಾಲ್‌ಗಳ ಪಕ್ಕದ ಸರಪಳಿಯನ್ನು ಕತ್ತರಿಸುವ ಮೈಕೋಬ್ಯಾಕ್ಟೀರಿಯಗಳ ಬಳಕೆ ಬೆಳೆದು, ಗೆಣಸಿನ ಅವಲಂಬನೆ ಕ್ರಮೇಣ ತಗ್ಗಿತು. ಸೂಕ್ಷ್ಮಜೀವಿಗಳ ಹುದುಗುವಿಕೆಯನ್ನು ರಾಸಾಯನಿಕ ಹಂತಗಳೊಡನೆ ಹೊಂದಿಸುವ ಈ ಕ್ರಮದಲ್ಲೇ ಸ್ಟೀರಾಯ್ಡ್ ಔಷಧಗಳ ತಯಾರಿಕೆ ಇಂದಿಗೂ ಸಾಗಿದೆ.